ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಡಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಶನಿವಾರ ಬೆಳಿಗ್ಗೆಯ ಮೌಲ್ಯ ಶಿಕ್ಷಣದ ಪೀರಿಯಡ್ ನನ್ನ ಪಾಲಿಗೆ ಬಂದಿದೆ. ಒಂದು ಕಥೆ ಹೇಳಿ, ‘ಇದರಿಂದ ಏನು ಕಲಿತಿರಿ?’ ಎಂದು ಕೇಳುತ್ತೇನೆ. ‘ಸತ್ಯ ಹೇಳಬೇಕು’, ‘ಕಷ್ಟದಲ್ಲಿದ್ದವರಿಗೆ ಸಹಾಯ ಮಾಡಬೇಕು’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಸೋಮವಾರದ ಕಿರುಪರೀಕ್ಷೆಯಲ್ಲಿ ಅದೇ ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಾರೆ. ಈಗ ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ತಿಂಗಳಿಗೊಂದು ಸಂಜೆ ಊರವರನ್ನೂ ಸೇರಿಸಿ ಸರಿ-ತಪ್ಪುಗಳ ಬಗ್ಗೆ ಮಾತಾಡಿಸೋಣ ಎನ್ನುತ್ತಿದ್ದಾರೆ. ಜಾತಿ, ಊಟ, ಸಾಲ ಅಂತ ಮಾತು ಎಲ್ಲಿಗೋ ಹೋಗಿ ಜಗಳವಾದರೆ ಎಂಬ ಭಯ ನನಗೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ನಿಮ್ಮ ಶನಿವಾರಕ್ಕೂ ಸೋಮವಾರಕ್ಕೂ ನಡುವೆ ನನಗೆ ವಿರೋಧ ಕಾಣುತ್ತಿಲ್ಲ. ಎರಡೂ ದಿನ ಮಕ್ಕಳು ಮಾಡುತ್ತಿರುವುದು ಒಂದೇ ಕೆಲಸ. ಸರಿಯುತ್ತರ ಎಲ್ಲೋ ಸಿದ್ಧವಾಗಿದೆ, ಅದನ್ನು ಬೇಗ ಪತ್ತೆ ಹಚ್ಚಿ ಒಪ್ಪಿಸಬೇಕು ಎನ್ನುವುದು ಅವರಿಗೆ ಒಂದನೇ ತರಗತಿಯಿಂದ ರೂಢಿಯಾಗಿದೆ. ಶನಿವಾರ ನಿಮ್ಮ ಮುಖ ನೋಡಿ ಪತ್ತೆ ಹಚ್ಚುತ್ತಾರೆ, ಸೋಮವಾರ ಪಕ್ಕದವರ ಹಾಳೆ ನೋಡಿ. ‘ಸುಳ್ಳು ಹೇಳುವುದು ಸರಿಯೇ?’ ಎಂದು ಟೀಚರ್ ಕೇಳಿದರೆ ಅದರಲ್ಲಿ ಯೋಚಿಸುವುದಕ್ಕೆ ಏನಿದೆ? ಸರಿ ಎನ್ನುವ ಮಗುವನ್ನು ನಾನಂತೂ ಈವರೆಗೆ ಕಂಡಿಲ್ಲ.

ಹಾಗಾಗಿ ನನ್ನ ಸಲಹೆಯ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪೀರಿಯಡ್‌ನಲ್ಲಿ ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಬೇಡಿ. ನಿಮ್ಮನ್ನೂ ತಡೆದು ನಿಲ್ಲಿಸುವಂಥ, ಎರಡು ಒಳ್ಳೆಯ ಸಂಗತಿಗಳು ಒಂದಕ್ಕೊಂದು ಅಡ್ಡ ನಿಂತಿರುವಂಥ, ಮಕ್ಕಳು ನಾಳೆ ಬೆಳಿಗ್ಗೆಯೇ ಎದುರಿಸಬಹುದಾದಂಥ ಪ್ರಶ್ನೆಯನ್ನು ಹುಡುಕಿ. ಮಾತಾಡಿದ ಮೇಲೆ, ಎಷ್ಟೇ ಸಣ್ಣದಾದರೂ ಸರಿ, ಒಂದು ತೀರ್ಮಾನವನ್ನು ನಿಜವಾಗಿಯೂ ಅವರ ಕೈಗೆ ಬಿಡಿ.

ನೀತಿಯ ಮಾತು ಬಾಯಿಗೆ ಬಂದರೆ ನಡತೆಗೂ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ಸಂಶೋಧಕರು ಸುಮಾರು ನೂರು ವರ್ಷದ ಹಿಂದೆ ಇದನ್ನು ಪರೀಕ್ಷೆಗೆ ಒಡ್ಡಿದರು. ಸಾವಿರಾರು ಶಾಲಾ ಮಕ್ಕಳಿಗೆ ಗೊತ್ತಾಗದ ಹಾಗೆ, ಮೋಸ ಮಾಡಲು ಅವಕಾಶವಿರುವ ಸಣ್ಣ ಸಣ್ಣ ಸಂದರ್ಭಗಳನ್ನು ಹೂಡಿ ನೋಡಿದರು. ತಮ್ಮ ಉತ್ತರವನ್ನು ತಾವೇ ತಿದ್ದಿಕೊಳ್ಳುವುದು, ಮನೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ, ಆಟದಲ್ಲಿ ಅಂಕ ಬರೆದುಕೊಳ್ಳುವುದು, ಹೀಗೆ. 1928ರಲ್ಲಿ ಪ್ರಕಟವಾದ ಫಲಿತಾಂಶ ನೀತಿಬೋಧಕರಿಗೆ ಆಘಾತವನ್ನೇ ತಂದಿತು. ಸರಿ ಯಾವುದು ಎಂದು ಹೇಳಬಲ್ಲ ಮಕ್ಕಳು ಹಾಗೆ ನಡೆದುಕೊಳ್ಳುತ್ತಾರೆ ಎಂಬ ಖಾತ್ರಿ ಇರಲಿಲ್ಲ. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಮೋಸ ಮಾಡುತ್ತಿತ್ತು. ಸಂದರ್ಭ ಎಂಥದು, ಜೊತೆಗಾರರು ಹೇಗೆ ನಡೆದುಕೊಳ್ಳುತ್ತಿದ್ದಾರೆ ಎನ್ನುವುದರ ಪ್ರಭಾವ ಎದ್ದು ಕಾಣುತ್ತಿತ್ತು. ಇದರಿಂದ ನಾನು ತೆಗೆದುಕೊಳ್ಳುವ ಪಾಠ ನಿರಾಶೆಯದಲ್ಲ. ಒಂದೊಂದು ಮಗುವಿನ ತಲೆಗೆ ಉಪದೇಶ ತುಂಬುವ ಬದಲು, ಆ ಜೊತೆಗಾರರೆಲ್ಲ ಒಟ್ಟಿಗೆ ಕೂತು ‘ನಾವು ಇಲ್ಲಿ ಹೇಗೆ ನಡೆದುಕೊಳ್ಳೋಣ?’ ಎಂದು ಮಾತಾಡುವ ಹಾಗೆ ಮಾಡಬೇಕು.

ಹಾಗೆ ಮಾತಾಡಿಸುವುದಕ್ಕೊಂದು ದಾರಿಯನ್ನು ಮ್ಯಾಥ್ಯೂ ಲಿಪ್‌ಮನ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕರು ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಅವರಿಗೆ, ಕಾಲೇಜಿಗೆ ಬಂದ ಮೇಲೆ ವಿಚಾರ ಮಾಡುವುದನ್ನು ಕಲಿಸಹೊರಟರೆ ತಡವಾಗುತ್ತದೆ ಎನ್ನಿಸಿತು. 1974ರಲ್ಲಿ ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಕಾಲೇಜಿನಲ್ಲಿ ಮಕ್ಕಳ ತತ್ವವಿಚಾರಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಅವರ ವಿಧಾನ ಸರಳ: ಎಲ್ಲರೂ ಸುತ್ತ ಕೂರುತ್ತಾರೆ, ಒಂದು ಸಣ್ಣ ಕಥೆ ಓದುತ್ತಾರೆ, ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ, ಬೋರ್ಡಿನ ಮೇಲೆ ಬರೆದ ಆ ಪ್ರಶ್ನೆಗಳಲ್ಲಿ ಒಂದನ್ನು ಮಕ್ಕಳೇ ಆರಿಸಿ ಮಾತಾಡುತ್ತಾರೆ. ಶಿಕ್ಷಕರ ಕೆಲಸ ಕಾರಣ ಕೇಳುತ್ತ ಹೋಗುವುದು, ಅಷ್ಟೇ. ಆದರೆ ಆ ‘ಅಷ್ಟೇ’ ಎನ್ನುವುದು ನಮ್ಮಂಥ ಪಾಠ ಹೇಳುವವರಿಗೆ ಬಹಳ ಕಷ್ಟ.

ಕಥೆಗಾಗಿ ದೂರ ಹೋಗಬೇಕಿಲ್ಲ. ಹಳಿಯ ಮೇಲೆ ಐವರಿದ್ದಾರೆ, ಇನ್ನೊಂದು ಹಳಿಯ ಮೇಲೆ ಒಬ್ಬನಿದ್ದಾನೆ, ನಿಲ್ಲಿಸಲಾಗದ ಬಂಡಿಯನ್ನು ಯಾವ ಕಡೆ ತಿರುಗಿಸುತ್ತೀರಿ ಎಂಬ ‘ಟ್ರಾಲಿ’ ಪ್ರಶ್ನೆ ಈಗ ಎಲ್ಲ ತರಬೇತಿಗಳಲ್ಲೂ ಕಾಣಿಸಿಕೊಳ್ಳುತ್ತಿದೆ. ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಅಂಥದೊಂದು ಉದಾಹರಣೆಯನ್ನು ಮುಂದಿಟ್ಟಿದ್ದು ವಿದ್ವಾಂಸರ ನಡುವಿನ ವಾದದ ಭಾಗವಾಗಿ. ನಿಮ್ಮ ಮಕ್ಕಳು ಯಾವತ್ತೂ ಆ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಅವರಿಗೆ ಪುಣ್ಯಕೋಟಿ ಗೊತ್ತು. ಅಲ್ಲಿಂದ ಶುರು ಮಾಡಿ.

ಧಾರವಾಡ ಕಡೆಯ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ನಾನು ಕೇಳಿದ ಮಾತುಕತೆ ಹೇಳುತ್ತೇನೆ. ಟೀಚರ್ ಕಥೆಯನ್ನು ನೆನಪಿಸಿ, ‘ಏನು ಕಲಿತಿರಿ’ ಎನ್ನದೆ, ‘ಪುಣ್ಯಕೋಟಿ ತನ್ನ ಕರುವಿನ ವಿಷಯದಲ್ಲಿ ಸರಿಯಾಗಿ ನಡೆದುಕೊಂಡಳಾ?’ ಎಂದರು. ಮೊದಲು ಎಂದಿನ ಉತ್ತರವೇ ಬಂತು: ಕೊಟ್ಟ ಮಾತಿಗೆ ತಪ್ಪಬಾರದು ಟೀಚರ್. ‘ಸರಿ, ಹಂಗಂತ ಆ ಕರುವಿಗೆ ಯಾರು ಹೇಳ್ತೀರಿ? ಬರ್ರಿ, ಇಲ್ಲಿ ನಿಂತು ಹೇಳ್ರಿ’ ಎಂದು ಟೀಚರ್ ಕೇಳಿದರು. ಯಾರೂ ಏಳಲಿಲ್ಲ. ಟೀಚರ್ ಕೂಡ ಸುಮ್ಮನೆ ನಿಂತರು. ಆಮೇಲೆ ಹಿಂದಿನಿಂದ ಒಬ್ಬ ಹುಡುಗ, ‘ಹುಲಿ ಹೆದರಿಸಿ ಮಾತು ತಗೊಂಡೈತ್ರಿ. ಅಂಥಾ ಮಾತು ಉಳಿಸಬೇಕಂತ ಏನೈತಿ?’ ಎಂದ. ಮುಂದಿನ ಬೆಂಚಿನವನೊಬ್ಬ ತಿರುಗಿ, ‘ಹಂಗಾರ ಆಕಿ ಮೊದ್ಲ ಸುಳ್ಳು ಹೇಳಿ ತಪ್ಪಿಸ್ಕೊಂಡಂಗ ಆತಲ್ಲೋ’ ಎಂದ. ಅಲ್ಲಿಂದ ಮಾತು ಬಿಸಿಯಾಯಿತು. ಹೆದರಿಸಿ ಪಡೆದ ಮಾತಿಗೆ ಬೆಲೆ ಇದೆಯೇ, ಹುಲಿಯೂ ಹಸಿದಿತ್ತಲ್ಲ, ಹುಲಿ ಸಾಯಲೇಬೇಕಿತ್ತೇ, ಬಿಟ್ಟು ಕಳಿಸಿದ್ದರೆ ಸಾಕಿರಲಿಲ್ಲವೇ ಎಂದೆಲ್ಲ ಬಂತು. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು, ‘ಆಕಿ ಕರೂನ್ನ ಸುಮ್ಮನ ಬಿಟ್ಟು ಹೋಗಿಲ್ರೀ. ಉಳಿದ ಆಕಳಾಗ ಒಪ್ಪಿಸಿ ಹೋಗ್ಯಾಳ. ನಮ್ಮವ್ವನೂ ಗೋವಾಕ್ಕ ದುಡಿಯಾಕ ಹೋಗುವಾಗ ನನ್ನ ನಮ್ಮಜ್ಜಿ ಕೈಯಾಗ ಒಪ್ಪಿಸಿ ಹೋಗ್ಯಾಳ’ ಎಂದಳು.

ಆ ಟೀಚರ್ ಆಗ ಮಾಡಿದ್ದು ನನಗೆ ಇವತ್ತಿಗೂ ಮಾದರಿ. ಹುಡುಗಿಯ ಮನೆಯ ವಿಷಯ ಕೆದಕಲಿಲ್ಲ, ಅಯ್ಯೋ ಎನ್ನಲಿಲ್ಲ, ಹೊಗಳಲೂ ಇಲ್ಲ. ಅವಳು ಹೇಳಿದ್ದನ್ನು ಒಂದು ವಾದವಾಗಿ ತೆಗೆದುಕೊಂಡರು. ‘ಹೋಗಲೇಬೇಕಾದವರು ಹೋಗುವ ಮುಂಚೆ ಏನೇನು ಮಾಡಿದರೆ ಸರಿ ಎನ್ನಬಹುದು?’ ಎಂದು ಉಳಿದವರನ್ನು ಕೇಳಿದರು. ನಲವತ್ತು ನಿಮಿಷ ಸಾಲಲಿಲ್ಲ. ಕೊನೆಗೆ ಯಾವ ತೀರ್ಪೂ ಆಗಲಿಲ್ಲ. ಆದರೆ ಮಾತು ಕೊಟ್ಟವರು, ಮಾತು ತೆಗೆದುಕೊಂಡವರು, ಆ ಮಾತಿನಿಂದ ನಷ್ಟಪಡುವವರು ಎಂದು ಮೂರು ಕಡೆಯವರಿದ್ದಾರೆ ಎನ್ನುವುದು ತರಗತಿಗೆ ಸ್ಪಷ್ಟವಾಗಿತ್ತು. ಇದನ್ನು ನಾನು ಪ್ರಗತಿ ಎನ್ನುತ್ತೇನೆ.

ನೀವು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಯಾಕೆ ಹಾಗನ್ನಿಸಿತು? ನಿನ್ನ ಮಾತನ್ನು ಒಪ್ಪದವರು ಏನನ್ನಬಹುದು? ಅವನು ಈಗ ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳು ನೋಡೋಣ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ: ಇದರಿಂದ ಯಾರಿಗೆ ನಷ್ಟ, ಅವರು ಈ ಕೋಣೆಯಲ್ಲಿ ಇದ್ದಾರಾ? ಈ ಕೊನೆಯ ಪ್ರಶ್ನೆ ಮಾತನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಸಾಕು, ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಸರಿ-ತಪ್ಪಿನ ಪ್ರಶ್ನೆಗಂತೂ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಮಕ್ಕಳು ಜಾಸ್ತಿಯಿದ್ದರೆ ಎರಡು ಸುತ್ತು ಮಾಡಿ ಕೂರಿಸಿ. ಒಳಸುತ್ತಿನವರು ಮಾತಾಡಲಿ, ಹೊರಸುತ್ತಿನವರು ಕೇಳಲಿ, ಅರ್ಧ ಪೀರಿಯಡ್ ಆದ ಮೇಲೆ ಅದಲುಬದಲು. ಹೊರಗೆ ಕೂತವರು ಒಳಗೆ ಬಂದಾಗ ಮೊದಲು, ತಾವು ಕೇಳಿಸಿಕೊಂಡ ಒಂದು ಮಾತನ್ನು ಹೇಳಿಯೇ ತಮ್ಮ ಮಾತು ಶುರು ಮಾಡಬೇಕು ಎಂಬ ಒಂದೇ ಒಂದು ನಿಯಮ ಇಡಿ.

ಈಗ ನಿಮ್ಮನ್ನು ಕಾಡುತ್ತಿರುವ ನಕಲಿನ ವಿಷಯ. ‘ನಕಲು ಮಾಡುವುದು ತಪ್ಪೇ?’ ಎನ್ನುವುದು ಸತ್ತ ಪ್ರಶ್ನೆ. ‘ನಿಮ್ಮಲ್ಲಿ ಯಾರು ಯಾರು ನಕಲು ಮಾಡಿದ್ದೀರಿ?’ ಎನ್ನುವುದು ವಿಚಾರಣೆ. ಎರಡೂ ಬೇಡ. ಹೀಗೆ ಕೇಳಿ: ನಿನ್ನ ಗೆಳತಿಯ ಅಪ್ಪ ಒಂದು ವಾರದಿಂದ ಆಸ್ಪತ್ರೆಯಲ್ಲಿದ್ದಾರೆ. ಅವಳಿಗೆ ಓದಲು ಆಗಿಲ್ಲ. ಪರೀಕ್ಷೆಯಲ್ಲಿ ನಿನ್ನ ಹಿಂದೆ ಕೂತು, ‘ಹಾಳೆ ಸ್ವಲ್ಪ ಈ ಕಡೆ ತಿರುಗಿಸೇ’ ಎನ್ನುತ್ತಾಳೆ. ಏನು ಮಾಡುತ್ತೀ? ಇಲ್ಲಿ ಒಂದು ಕಡೆ ಸ್ನೇಹ, ಇನ್ನೊಂದು ಕಡೆ ರಾತ್ರಿ ಕೂತು ಓದಿದ ಉಳಿದವರಿಗೆ ಸಲ್ಲಬೇಕಾದ ನ್ಯಾಯ. ಎರಡೂ ನಿಜವಾದ ಮೌಲ್ಯಗಳೇ. ಮಕ್ಕಳು ನೋಡಿ ಬರೆಯುವುದು ಬರೀ ಸೋಮಾರಿತನದಿಂದ ಎಂದು ನಾವು ತಿಳಿದಿರುತ್ತೇವೆ. ಮಾತಿಗೆ ಬಿಟ್ಟರೆ ಗೊತ್ತಾಗುತ್ತದೆ, ಎಷ್ಟೋ ಮಕ್ಕಳು ತೋರಿಸುವುದು ಸ್ನೇಹ ಕಳೆದುಕೊಳ್ಳುವ ಭಯಕ್ಕೆ. ತೋರಿಸದಿದ್ದರೆ ಸೊಕ್ಕಿನವಳು ಅನ್ನಿಸಿಕೊಳ್ಳಬೇಕು, ಊಟಕ್ಕೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಸಣ್ಣ ಶಿಕ್ಷೆಯಲ್ಲ.

ದೊಡ್ಡವರ ಪಾತ್ರದ ಮಾತೂ ಬರುತ್ತದೆ, ಸಿದ್ಧರಾಗಿರಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಹತ್ತನೇ ತರಗತಿಯ ಮಕ್ಕಳಿಗೆ ಈ ಲೆಕ್ಕ ಗೊತ್ತಿದೆ, ಅವರ ಅಣ್ಣ ಅಕ್ಕಂದಿರು ಬರೆದ ಪರೀಕ್ಷೆಯಿದು. ‘ಕ್ಯಾಮೆರಾ ಇಲ್ಲದ ಕಡೆ ಏನು?’ ಎಂದು ನೀವು ಕೇಳಿದರೆ, ‘ಮೊದಲು ಸರ್‌ಗಳೇ ಉತ್ತರ ಹೇಳ್ತಿದ್ರಂತೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಶಾಲೆಯ ಪರ ವಕಾಲತ್ತಿಗೆ ನಿಂತಿರೋ, ಪೀರಿಯಡ್ ಅಲ್ಲಿಗೆ ಮುಗಿಯಿತು. ‘ಹೌದು, ಅಂಥದು ನಡೆದಿರಬಹುದು. ಹಾಗೆ ಹೇಳಿಕೊಟ್ಟವರು ಯಾರಿಗೆ ಒಳ್ಳೆಯದು ಮಾಡಿದರು, ಯಾರಿಗೆ ಕೆಟ್ಟದ್ದು ಮಾಡಿದರು?’ ಎಂದು ಕೇಳಿ. ಮಕ್ಕಳು ಈ ಪ್ರಶ್ನೆಗೆ ತೋರಿಸುವ ಗಾಂಭೀರ್ಯ ನೋಡಿ ನಿಮಗೆ ಸಂತೋಷವಾಗುತ್ತದೆ.

ಒಂದು ಪೀರಿಯಡ್ ಮಾತಾಡಿದ್ದಕ್ಕೆ ಸೋಮವಾರ ಎಲ್ಲರೂ ನೆಟ್ಟಗೆ ಕೂತು ಬರೆಯುತ್ತಾರೆ ಎಂದು ನಿರೀಕ್ಷಿಸಬೇಡಿ. ತೀರ್ಮಾನವೊಂದನ್ನು ಅವರ ಕೈಗೆ ಬಿಡಿ ಎಂದೆನಲ್ಲ, ಅದು ಬರಬೇಕಾದ್ದು ಇಲ್ಲಿ. ಕಿರುಪರೀಕ್ಷೆಯನ್ನು ಹೇಗೆ ನಡೆಸಬೇಕು ಎನ್ನುವುದನ್ನು ಒಂದು ತಿಂಗಳ ಮಟ್ಟಿಗೆ ತರಗತಿಯೇ ನಿಶ್ಚಯಿಸಲಿ. ಹಿಂದಿನ ದಿನ ಜೋಡಿಯಾಗಿ ಓದುವುದೇ, ಮನೆಯಲ್ಲಿ ತೊಂದರೆಯಿದ್ದವರಿಗೆ ಎರಡು ದಿನ ಬಿಟ್ಟು ಬರೆಯಲು ಅವಕಾಶವೇ, ಅಂಕವನ್ನು ಎಲ್ಲರೆದುರು ಓದಬೇಕೇ ಬೇಡವೇ. ಈ ಕೊನೆಯದನ್ನು ನೀವು ಬಿಟ್ಟುಕೊಡಲು ಸಿದ್ಧರಿದ್ದರೆ ನಕಲಿನ ಅರ್ಧ ಕಾರಣವೇ ಹೋಗುತ್ತದೆ ಎಂದು ನನ್ನ ಅನಿಸಿಕೆ.

ದಂಡ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗಾಗಿ ಒಂದು ಸಂಗತಿ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಪೋಷಕರು ತಡವಾಗಿ ಬರುತ್ತಿದ್ದರು. ಉರಿ ನೀಜಿ ಮತ್ತು ಆಲ್ಡೊ ರಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು, ಅವುಗಳಲ್ಲಿ ಕೆಲವು ಕಡೆ ತಡವಾಗಿ ಬಂದವರಿಗೆ ಸಣ್ಣ ದಂಡ ಹಾಕಿಸಿ ನೋಡಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ದಂಡ ಬಂದ ಮೇಲೆ ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಆ ಸಂಖ್ಯೆ ಇಳಿಯಲಿಲ್ಲ. ‘ಪಾಪ, ಟೀಚರ್ ಕಾಯುತ್ತಿರುತ್ತಾರೆ’ ಎಂಬ ಅಳುಕಿದ್ದ ಜಾಗದಲ್ಲಿ ‘ದುಡ್ಡು ಕೊಟ್ಟಿದ್ದೇನಲ್ಲ’ ಎಂಬ ಸಮಾಧಾನ ಬಂದು ಕೂತಿತು. ನಮ್ಮ ಎಷ್ಟೋ ಶಾಲೆಗಳಲ್ಲಿ ತಡವಾಗಿ ಬಂದ ಮಕ್ಕಳಿಗೆ ಹತ್ತು ರೂಪಾಯಿ ದಂಡವಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹುಡುಗ ಮತ್ತು ಬಸ್ ತಪ್ಪಿಸಿಕೊಂಡ ಹುಡುಗಿ ಇಬ್ಬರಿಗೂ ಅದೇ ಹತ್ತು ರೂಪಾಯಿ. ಈ ನಿಯಮವನ್ನೇ ಮಕ್ಕಳ ಮುಂದಿಟ್ಟು, ಇದರ ಬದಲು ಏನು ಮಾಡಬಹುದು ಎಂದು ಕೇಳಿ. ನಿಮ್ಮಲ್ಲಿ ಶಾಲಾ ಸಂಸತ್ತು ಇದ್ದೇ ಇರುತ್ತದೆ. ಚುನಾವಣೆ, ಪ್ರಮಾಣವಚನ ಆದ ಮೇಲೆ ಅದಕ್ಕೆ ಕೆಲಸವೇ ಇರುವುದಿಲ್ಲ. ಇಂಥ ಕೆಲಸ ಕೊಡಿ.

ಇನ್ನು ನಿಮ್ಮ ಭಯದ ವಿಷಯ. ಜಾತಿ, ಊಟ ಎಂದಿರಿ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಾಗಿ ಹೇಳಬೇಕು. ಎಲ್ಲ ಪ್ರಶ್ನೆಯನ್ನೂ ಪರ-ವಿರೋಧದ ಚರ್ಚೆಗೆ ಇಡಬಾರದು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದು ಸರಿಯೇ ತಪ್ಪೇ ಎಂದು ತರಗತಿಯಲ್ಲಿ ಎರಡು ಗುಂಪು ಮಾಡಿ ವಾದ ಮಾಡಿಸಿದರೆ, ಆ ಲೋಟ ಯಾರ ಮುಂದೆ ಇಡಲಾಗುತ್ತದೋ ಆ ಮಗು ತಾನು ಮನುಷ್ಯಳೆಂದು ಸಹಪಾಠಿಗಳೆದುರು ಸಾಬೀತು ಮಾಡಬೇಕಾಗುತ್ತದೆ. ಅದು ಕ್ರೌರ್ಯ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಆ ಪ್ರಶ್ನೆ ಮುಗಿದಿದೆ. ಅಲ್ಲಿ ನೀವು ತಟಸ್ಥರಾಗಿರುವ ಅಗತ್ಯವಿಲ್ಲ, ತಟಸ್ಥರಾಗಿರಲೂ ಬಾರದು. ಮುಗಿಯದೆ ಉಳಿದಿರುವುದು ಇನ್ನೊಂದು: ಅದು ನಡೆಯುತ್ತಿರುವುದನ್ನು ಕಂಡಾಗ, ನನ್ನದೇ ಚಿಕ್ಕಪ್ಪನ ಹೋಟೆಲಿನಲ್ಲಿ ಕಂಡಾಗ, ನಾನು ಏನು ಮಾಡಬೇಕು? ಮನೆಯವರ ಎದುರು ಹೇಗೆ ಮಾತಾಡಬೇಕು? ಇದು ನಿಜವಾಗಿಯೂ ಕಷ್ಟದ ಪ್ರಶ್ನೆ, ಮತ್ತು ಇದರಲ್ಲಿ ಯೋಚಿಸುವ ಭಾರ ಅನ್ಯಾಯ ಕಂಡೂ ಸುಮ್ಮನಿರುವವರ ಮೇಲೆ ಬೀಳುತ್ತದೆ, ಬೀಳಬೇಕಾದ್ದೂ ಅಲ್ಲಿಯೇ.

ಬಿಸಿಯೂಟದ ಮೊಟ್ಟೆಯದೂ ಹೀಗೆಯೇ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗಿನ ಗಲಾಟೆ ನಿಮಗೆ ನೆನಪಿರಬಹುದು. ತಿನ್ನದವರಿಗೆ ಬಾಳೆಹಣ್ಣು ಇದೆ. ಯಾರ ಊಟ ಶ್ರೇಷ್ಠ ಎಂಬ ಮಾತನ್ನು ಎತ್ತಬೇಡಿ. ‘ಮೊಟ್ಟೆಯವರು, ಬಾಳೆಹಣ್ಣಿನವರು ಎಂದು ಬೇರೆ ಬೇರೆ ಸಾಲಿನಲ್ಲಿ ಕೂರಬೇಕೇ? ಪಕ್ಕದವರ ತಟ್ಟೆಯ ವಾಸನೆ ನಿನಗೆ ಹಿಡಿಸದಿದ್ದರೆ ಅದನ್ನು ಅವರಿಗೆ ನೋವಾಗದಂತೆ ಹೇಗೆ ಹೇಳುತ್ತೀ?’ ಎಂದು ಕೇಳಿ. ಹನ್ನೆರಡು ವರ್ಷದವರು ಇದನ್ನು ನಮಗಿಂತ ಚೆನ್ನಾಗಿ ಬಗೆಹರಿಸುತ್ತಾರೆ.

ಮಾತು ಬಿಚ್ಚಿಕೊಂಡಾಗ ಕೆಲವೊಮ್ಮೆ ಮಗು ಮನೆಯ ಅಥವಾ ಹಾದಿಬೀದಿಯ ದೌರ್ಜನ್ಯವನ್ನು ಹೇಳಿಬಿಡುತ್ತದೆ. ಅದು ಚರ್ಚೆಯ ವಸ್ತುವಲ್ಲ. ಅಲ್ಲಿಗೇ ಮೆಲ್ಲಗೆ ಮಾತು ತಿರುಗಿಸಿ, ಆಮೇಲೆ ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕಾನೂನಾತ್ಮಕ ಹೊಣೆ, ಗುಟ್ಟಾಗಿಡುತ್ತೇನೆಂದು ಮಗುವಿಗೆ ಮಾತು ಕೊಡಬೇಡಿ. ಒಂಬತ್ತನೇ ತರಗತಿಯ ಗೆಳತಿಗೆ ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ ಎಂಬ ಪ್ರಶ್ನೆಯನ್ನು ನೀವು ಕಥೆಯಾಗಿ ಇಡಬಹುದು, ಇಡಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಪೀರಿಯಡ್ ಮುಗಿಯುವ ಮುಂಚೆ ಆ ನಂಬರು ಬೋರ್ಡಿನ ಮೇಲಿರಬೇಕು.

ಊರಿನ ಸಭೆಗೆ ಬರೋಣ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಜಾಗ ಒಳ್ಳೆಯದು, ಯಾವ ಜಾತಿಯ ಸಮುದಾಯ ಭವನವೂ ಅಲ್ಲ, ಯಾರ ಮನೆಯ ಕಟ್ಟೆಯೂ ಅಲ್ಲ. ಸಂಜೆ ಎಂದು ಮೇಲ್ವಿಚಾರಕರು ಹೇಳಿದ್ದಾರೆ, ಅದನ್ನು ಬದಲಿಸಲು ಹೇಳಿ. ಸಂಜೆ ಹೆಂಗಸರಿಗೆ ಒಲೆಯ ಮುಂದಿನ ಹೊತ್ತು. ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ. ಕುರ್ಚಿ ಬೇಡ, ಜಮಖಾನೆ ಹಾಸಿ. ಕುರ್ಚಿ ಹಾಕಿದರೆ ಅದರ ಮೇಲೆ ಯಾರು ಕೂರುತ್ತಾರೆ, ಬಾಗಿಲ ಹತ್ತಿರ ಯಾರು ನಿಲ್ಲುತ್ತಾರೆ ಎನ್ನುವುದು ಮಾತು ಶುರುವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಊರಿನಲ್ಲಿ ಸದ್ಯ ನಡೆಯುತ್ತಿರುವ ಜಗಳವನ್ನು ಮಾತ್ರ ಎತ್ತಿಕೊಳ್ಳಬೇಡಿ. ಎತ್ತಿಕೊಂಡಿರೋ, ಅದು ನ್ಯಾಯ ಪಂಚಾಯಿತಿ ಆಗುತ್ತದೆ, ಜನ ತೀರ್ಪು ಕೇಳುತ್ತಾರೆ. ಇದೇ ಥರದ, ಆದರೆ ಹೆಸರಿಲ್ಲದ ಕಥೆಯೊಂದನ್ನು ಇಡಿ.

ನಾನಾಗಿದ್ದರೆ ಮೊದಲ ಸಭೆಗೆ ಸಂಘದ ಸಾಲವನ್ನು ಆರಿಸುತ್ತಿದ್ದೆ. ನಿಮ್ಮೂರಲ್ಲೂ ಇರುತ್ತದೆ: ಅಡಮಾನವಿಲ್ಲ, ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು, ವಾರಕ್ಕೋ ಹದಿನೈದು ದಿನಕ್ಕೋ ಕಂತು. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು, ಇಲ್ಲವೆಂದರೆ ಕಂತಿನವರು ಎದ್ದು ಹೋಗುವುದಿಲ್ಲ. ಈಗ ಕಥೆ ಇಡಿ. ಸಂಘದ ಒಬ್ಬಳ ಗಂಡ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಎರಡು ಕಂತು ಕಟ್ಟಿಲ್ಲ. ಉಳಿದವರಿಗೂ ಕೂಲಿ ಬಿಟ್ಟರೆ ಬೇರೆ ವರಮಾನವಿಲ್ಲ, ಈ ಸಲ ತುಂಬಿದರೆ ಒಬ್ಬಳ ಮಗನ ಹಾಸ್ಟೆಲ್ ಫೀಸು ನಿಲ್ಲುತ್ತದೆ. ಅವಳ ಮನೆ ಮುಂದೆ ಹೋಗಿ ಕೂತು ವಸೂಲಿ ಮಾಡಬೇಕೇ? ತಾವೇ ತುಂಬಬೇಕೇ? ಅವಳನ್ನು ಸಂಘದಿಂದ ಬಿಡಬೇಕೇ? ಸಾಲ ಕೊಟ್ಟ ಕಂಪನಿಗೆ ಇದರಲ್ಲಿ ಎಷ್ಟು ಹೊಣೆ?

ಬಲವಂತದ ಸಾಲ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಈ ವಿಷಯ ಸಭೆಗೆ ತಿಳಿಸುವುದು ಒಳ್ಳೆಯದು. ಆದರೆ ಒಂದೇ ಓಣಿಯ ಹೆಂಗಸರು ಒಬ್ಬರಿಗೊಬ್ಬರು ಎಷ್ಟು ಋಣಿ ಎನ್ನುವುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ. ಹಳ್ಳಿಯ ಹೆಂಗಸರು ಇದನ್ನು ಮಾತಾಡುವುದು ಕೇಳಿ ನೋಡಿ. ಕಟ್ಟಲಾಗದವಳು ಮತ್ತು ಕಟ್ಟಬಹುದಾಗಿದ್ದೂ ಕಟ್ಟದವಳು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಮೊದಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು, ಸಾಲ ಕೊಡುವಾಗಲೇ ಇವಳ ಕೈಲಾಗುತ್ತದೆಯೇ ಎಂದು ನೋಡದವರದ್ದೂ ತಪ್ಪು ಎಂದು ಎಳೆ ಎಳೆಯಾಗಿ ಬಿಡಿಸುತ್ತಾರೆ. ದೊಡ್ಡ ಪದಗಳು ಗೊತ್ತಿಲ್ಲದಿರಬಹುದು, ತೂಗಿ ನೋಡುವುದು ಅವರ ದಿನನಿತ್ಯದ ಕೆಲಸ. ಕಷ್ಟ ಬಂದಾಗ ಎಲ್ಲರಿಗೂ ಮೊದಲೇ ತಿಳಿಸುವ ಒಂದು ಪದ್ಧತಿ ಮಾಡಿಕೊಳ್ಳೋಣ ಎಂಬಷ್ಟಕ್ಕೆ ಸಭೆ ಬಂದರೂ ಸಾಕು. ಮುಂದಿನ ತಿಂಗಳ ಪ್ರಶ್ನೆಯನ್ನು ಅವರೇ ಕೊಡಲಿ. ಒಂದೆರಡು ಸಭೆಯಾದ ಮೇಲೆ ನಿಮ್ಮ ಶಾಲೆಯ ಐದಾರು ಮಕ್ಕಳನ್ನೂ ಕರೆತನ್ನಿ, ನವೆಂಬರ್ ಆಸುಪಾಸಿನಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಗೆ ಅವರು ಬೇರೆಯೇ ರೀತಿಯಲ್ಲಿ ಸಿದ್ಧರಾಗಿ ಹೋಗುತ್ತಾರೆ.

ಜಗಳವಾದರೆ? ದನಿ ಏರುವುದಕ್ಕೆ ಹೆದರಬೇಡಿ. ‘ನೀವು ಹೇಳಿದ್ದನ್ನು ಅವರು ಸರಿಯಾಗಿ ಕೇಳಿಸಿಕೊಂಡರಾ, ಅವರನ್ನೇ ಕೇಳೋಣ’ ಎಂದರೆ ಬಹಳ ಸಲ ದನಿ ಇಳಿಯುತ್ತದೆ. ಒಬ್ಬ ವ್ಯಕ್ತಿಯ ಹೆಸರು ಅಥವಾ ಒಂದು ಜಾತಿಯ ಹೆಸರು ಬೈಗುಳವಾಗಿ ಬಂತೆಂದರೆ ಮಾತ್ರ ಅಲ್ಲೇ ನಿಲ್ಲಿಸಿ, ಈ ಜಾಗದಲ್ಲಿ ಅದಿಲ್ಲ ಎಂದು ನೇರವಾಗಿ ಹೇಳಿ. ಇದನ್ನು ಹೇಳುವವರು ನೀವೊಬ್ಬರೇ ಆಗಬಾರದು. ಊರಿನಲ್ಲಿ ಎಲ್ಲ ಓಣಿಯವರೂ ಗೌರವಿಸುವ ಒಬ್ಬ ಹಿರಿಯರನ್ನು, ಸಾಧ್ಯವಾದರೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಮೊದಲೇ ಜೊತೆ ಮಾಡಿಕೊಳ್ಳಿ.

ನಿಮ್ಮ ಅಭಿಪ್ರಾಯವೇನು ಎಂದು ಮಕ್ಕಳು ಕೇಳುತ್ತಾರೆ. ಕೊನೆಯವರೆಗೂ ತಡೆದಿಟ್ಟುಕೊಳ್ಳಿ, ಆಮೇಲೆ ಕಾರಣದ ಸಮೇತ ಹೇಳಿ, ಅದನ್ನೂ ಅವರು ಪ್ರಶ್ನಿಸಲಿ. ಈ ಪೀರಿಯಡ್‌ಗೆ ಅಂಕ, ಗ್ರೇಡ್, ಬಹುಮಾನ ಯಾವುದೂ ಬೇಡ. ಕೊಟ್ಟ ಕೂಡಲೇ ಮಕ್ಕಳು ಮತ್ತೆ ನಿಮ್ಮ ಮುಖ ನೋಡಲು ಶುರು ಮಾಡುತ್ತಾರೆ. ಏನಾದರೂ ದಾಖಲೆ ಬೇಕೆಂದು ಮುಖ್ಯ ಶಿಕ್ಷಕರು ಕೇಳಿದರೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಾರದ ಪ್ರಶ್ನೆಯನ್ನೂ ಬಂದ ಕಾರಣಗಳನ್ನೂ ಮಕ್ಕಳ ಹೆಸರಿಲ್ಲದೆ ಬರೆದಿಡಿ. ಧರ್ಮದ ವಿಷಯ ಬರುತ್ತದೆಯೇ ಎಂದು ಅವರು ಆತಂಕಪಟ್ಟರೆ, ಸಂವಿಧಾನದ 28ನೇ ವಿಧಿ ಸಂಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ನಿಷೇಧಿಸಿರುವುದು ಧಾರ್ಮಿಕ ಬೋಧನೆಯನ್ನು ಎಂದೂ, ಮೌಲ್ಯ ಶಿಕ್ಷಣಕ್ಕೆ ಅದರಿಂದ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ ಎಂದೂ ತಿಳಿಸಿ. ಇನ್ನೊಂದು ಕೆಲಸವನ್ನು ಮಾತ್ರ ಮರೆಯದೆ ಮೊದಲೇ ಮಾಡಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ, ಈ ಟರ್ಮಿನಲ್ಲಿ ಕೇಳಬೇಕೆಂದಿರುವ ಪ್ರಶ್ನೆಗಳನ್ನು ಪೋಷಕರಿಗೆ ಓದಿ ಹೇಳಿ, ಒಂದನ್ನು ಅಲ್ಲೇ ಅವರಿಗೂ ಕೇಳಿ. ಆ ಹಾಲು ಡೇರಿಯ ಹುಡುಗನ ದಂಡದ ಪ್ರಶ್ನೆ ಅದಕ್ಕೆ ಚೆನ್ನಾಗಿ ಒದಗುತ್ತದೆ.